ಮೇಲ್ಮನೆಯಲ್ಲಿ ಬಲ ಸಿಕ್ಕಿದ ವಿರೋಧ ಪಕ್ಷ: ತಡೀಬೇಕಾ, ಹೊಂದ್ಕೋಬೇಕಾ?



ಹೋದ ತಿಂಗಳು ನಮ್ಮ ಕನ್ನಡ ಸಂಘದಲ್ಲಿ ಚರ್ಚಾ ಸ್ಪರ್ಧೆ ಇತ್ತು. ವಿಷಯ: ‘ಒಂದು ಸದನದಲ್ಲಿ ಬಹುಮತ ಸಿಕ್ಕಿದ ವಿರೋಧ ಪಕ್ಷ ಸರ್ಕಾರದ ಮಸೂದೆಗಳನ್ನು ತಡೆಯಬೇಕೋ, ಸರ್ಕಾರದ ಜೊತೆ ಹೊಂದಿಕೊಳ್ಳಬೇಕೋ?’ ಚೀಟಿ ಎತ್ತಿದಾಗ ನನಗೆ ‘ತಡೆಯಬೇಕು’ ಬಂತು. ನಾಲ್ಕು ನಿಮಿಷ ಜೋರಾಗಿ ಮಾತಾಡಿದೆ. ಚಪ್ಪಾಳೆ ಬಂತು, ಎರಡನೇ ಬಹುಮಾನವೂ ಬಂತು. ಖುಷಿಯಲ್ಲಿ ಊರಿಗೆ ಫೋನ್ ಮಾಡಿ ಮುತ್ಯಾಗೆ ಹೇಳಿದೆ. ಮುತ್ಯಾ ಬೀದರ್ ಜಿಲ್ಲೆಯ ನಿರ್ಣಾದಲ್ಲಿ ಇರೋದು, ತೊಗರಿ, ಸೋಯಾ ಬೆಳೀತಾರೆ. ಎಲ್ಲಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು:

“ಎಲ್ಲಾ ಖರೇ ತಮ್ಮಾ. ಅವ್ರು ತಡದ್ರ ಅದು ನಿಲ್ತದೇನು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ನಿಮಿಷ ‘ತಡೆಯಬೇಕು’ ಅಂತ ಕೂಗಿದವನಿಗೆ, ತಡೆದರೆ ನಿಲ್ಲುತ್ತಾ ಅನ್ನೋದೇ ಗೊತ್ತಿಲ್ಲ! ಆಮೇಲೆ ಸಂವಿಧಾನದ ಪುಸ್ತಕ, ಹಳೆಯ ಪತ್ರಿಕೆಗಳು ಎಲ್ಲಾ ತೆಗೆದು ಕೂತೆ. ಅದರಲ್ಲಿ ನನಗೆ ತಿಳಿದದ್ದನ್ನು ಪಾಠದ ಥರ ಇಲ್ಲಿ ಬರೀತಿದ್ದೇನೆ. (ಬೀದರ್‌ನವನು ಚರ್ಚೆಯ ಬಗ್ಗೆ ಬರೆದರೆ ಬಸವಕಲ್ಯಾಣದ ಅನುಭವ ಮಂಟಪ ಬರಲೇಬೇಕು ಅಂತ ನೀವು ಕಾಯ್ತಿರಬಹುದು. ಈ ಸಲ ಅದನ್ನು ಬಿಟ್ಟಿದ್ದೇನೆ, ಕ್ಷಮಿಸಿ.)

1. ಮೊದಲು ಬೇಸಿಕ್ಸ್

ನಮ್ಮ ರಾಜ್ಯದಲ್ಲಿ ಎರಡು ಸದನ ಇವೆ. ಕೆಳಮನೆ ಅಂದರೆ ವಿಧಾನಸಭೆ, 224 ಸ್ಥಾನ, ನಾವೆಲ್ಲಾ ನೇರವಾಗಿ ವೋಟು ಹಾಕುವುದು ಅದಕ್ಕೆ. ಇಲ್ಲಿ ಬಹುಮತ ಇದ್ದವರೇ ಸರ್ಕಾರ ಮಾಡುತ್ತಾರೆ. ಮೇಲ್ಮನೆ ಅಂದರೆ ವಿಧಾನ ಪರಿಷತ್ತು, 75 ಸ್ಥಾನ. ಅದರಲ್ಲಿ 25 ಜನರನ್ನು ಶಾಸಕರು ಆರಿಸುತ್ತಾರೆ, 25 ಜನರನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, 7 ಜನರನ್ನು ಪದವೀಧರರು, 7 ಜನರನ್ನು ಶಿಕ್ಷಕರು ಆರಿಸುತ್ತಾರೆ. ಉಳಿದ 11 ಜನ ನಾಮನಿರ್ದೇಶನದಿಂದ ಬರುತ್ತಾರೆ.

ಪರಿಷತ್ತಿನ ಸದಸ್ಯರ ಅವಧಿ 6 ವರ್ಷ. ವಿಧಾನಸಭೆಯ ಹಾಗೆ ಇದು ಒಂದೇ ಸಲ ವಿಸರ್ಜನೆ ಆಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿಯಾಗಿ ಹೊಸಬರು ಬರುತ್ತಾರೆ. ನಮ್ಮ ವಿಷಯ ಹುಟ್ಟುವುದೇ ಇಲ್ಲಿ. ವಿಧಾನಸಭೆ ಚುನಾವಣೆಯಲ್ಲಿ ಸರ್ಕಾರ ಒಂದೇ ದಿನ ಬದಲಾಗಬಹುದು, ಆದರೆ ಪರಿಷತ್ತು ನಿಧಾನವಾಗಿ ಬದಲಾಗುತ್ತದೆ. ಹಾಗಾಗಿ ಕೆಳಮನೆಯಲ್ಲಿ ಸೋತ ಪಕ್ಷಕ್ಕೆ ಮೇಲ್ಮನೆಯಲ್ಲಿ ಬಲ ಇರುವ ಪರಿಸ್ಥಿತಿ ಪದೇ ಪದೇ ಬರುತ್ತದೆ. ಅಧಿಕಾರ ಇಲ್ಲ, ಆದರೂ ಅಧಿಕಾರ ಇದೆ!

ಪತ್ರಿಕೆ ಓದುವಾಗ ಗೊಂದಲ ಆಗಬಾರದು ಅಂತ ಇನ್ನೊಂದು ಮಾತು. ಸದನಕ್ಕೆ ಬಂದಿರುವ ಬಿಲ್‌ಗೆ ‘ಮಸೂದೆ’ ಅಂತಾರೆ. ಅದು ಪಾಸಾಗಿ ಸಹಿ ಬಿದ್ದ ಮೇಲೆ ‘ಕಾಯ್ದೆ’. ಅಧಿವೇಶನ ಇಲ್ಲದಾಗ ರಾಜ್ಯಪಾಲರ ಮೂಲಕ ತಾತ್ಕಾಲಿಕವಾಗಿ ತರುವುದು ‘ಸುಗ್ರೀವಾಜ್ಞೆ’. ನಾನು ಇಂಗ್ಲಿಷ್ ಮೀಡಿಯಂ, ಸುಗ್ರೀವಾಜ್ಞೆ ಅಂದರೆ ಬಹಳ ದಿನ ರಾಮಾಯಣದ ವಿಷಯ ಅಂದುಕೊಂಡಿದ್ದೆ.

2. ತಡೆದರೆ ಎಷ್ಟು ದಿನ ನಿಲ್ಲುತ್ತದೆ?

ಮುತ್ಯಾನ ಪ್ರಶ್ನೆಗೆ ಉತ್ತರ ಸಂವಿಧಾನದ 197ನೇ ವಿಧಿಯಲ್ಲಿದೆ. ಹಂತ ಹಂತವಾಗಿ ನೋಡೋಣ.

ಮೊದಲ ಹಂತ: ವಿಧಾನಸಭೆ ಒಂದು ಮಸೂದೆ ಪಾಸು ಮಾಡಿ ಪರಿಷತ್ತಿಗೆ ಕಳಿಸುತ್ತದೆ. ಪರಿಷತ್ತು ಅದನ್ನು ತಿರಸ್ಕರಿಸಬಹುದು, ತಿದ್ದುಪಡಿ ಹೇಳಬಹುದು, ಅಥವಾ ಸುಮ್ಮನೆ ಇಟ್ಟುಕೊಳ್ಳಬಹುದು. ಇಟ್ಟುಕೊಂಡರೆ ಗರಿಷ್ಠ 3 ತಿಂಗಳು.

ಎರಡನೇ ಹಂತ: ವಿಧಾನಸಭೆ ಅದನ್ನು ಮತ್ತೊಮ್ಮೆ ಪಾಸು ಮಾಡಿ ಕಳಿಸಬಹುದು. ಈ ಸಲ ಪರಿಷತ್ತಿಗೆ ಸಿಗುವುದು 1 ತಿಂಗಳು. ಆಮೇಲೆ ಪರಿಷತ್ತು ಒಪ್ಪಿದರೂ ಒಪ್ಪದಿದ್ದರೂ ಎರಡೂ ಸದನ ಪಾಸು ಮಾಡಿದಂತೆ ಲೆಕ್ಕ.

ಬಜೆಟ್‌ನಂಥ ಹಣಕಾಸು ಮಸೂದೆ ಆದರೆ ಇನ್ನೂ ಕಡಿಮೆ. 198ನೇ ವಿಧಿ ಪ್ರಕಾರ ಬರೀ 14 ದಿನ.

ಅಂದರೆ ನಮ್ಮ ಮೇಲ್ಮನೆಯ ಹತ್ತಿರ ಇರುವುದು ವೀಟೋ ಅಲ್ಲ, ಸಮಯ. 3 ತಿಂಗಳು ಮತ್ತು 1 ತಿಂಗಳು, ನಡುವೆ ಅಧಿವೇಶನಕ್ಕಾಗಿ ಕಾಯುವ ದಿನಗಳು, ಅಷ್ಟೇ. ಬೈಕಿನ ಭಾಷೆಯಲ್ಲಿ ಹೇಳಬೇಕಂದ್ರೆ ಪರಿಷತ್ತು ಬ್ರೇಕ್ ಥರ ಅಲ್ಲ, ಶಾಕ್ ಅಬ್ಸಾರ್ಬರ್ ಥರ. ಶಾಕ್ ಅಬ್ಸಾರ್ಬರ್ ಗಾಡಿಯನ್ನು ನಿಲ್ಲಿಸಲ್ಲ. ಗುಂಡಿಗೆ ಬಿದ್ದಾಗ ಕುಲುಕಾಟ ಕಡಿಮೆ ಮಾಡುತ್ತದೆ. ನಮ್ಮೂರ ಕಡೆ ರಸ್ತೆಯಲ್ಲಿ ಓಡಾಡಿದವರಿಗೆ ಅದರ ಬೆಲೆ ಗೊತ್ತು.

ಇನ್ನು ಥಿಯರಿ ಸಾಕು, ನಿಜವಾಗಿ ಏನಾಯ್ತು ನೋಡೋಣ.

3. ಕೇಸ್ ಒಂದು: 2020, ಬಿಜೆಪಿ ಸರ್ಕಾರ

2020ರಲ್ಲಿ ಸರ್ಕಾರ ಬಿಜೆಪಿಯದು. ಪರಿಷತ್ತಿನಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿದರೆ ಸರ್ಕಾರಕ್ಕಿಂತ ಹೆಚ್ಚು. ಆ ವರ್ಷದ ಎರಡು ಮಸೂದೆಗಳಲ್ಲಿ ನಮ್ಮ ಪ್ರಶ್ನೆಯ ಎರಡೂ ಮುಖ ಕಾಣುತ್ತದೆ.

ಮೊದಲನೆಯದು ಭೂ ಸುಧಾರಣಾ ತಿದ್ದುಪಡಿ. ಕೃಷಿ ಜಮೀನನ್ನು ಯಾರು ಕೊಳ್ಳಬಹುದು ಅನ್ನುವುದಕ್ಕೆ 79ಎ, 79ಬಿ ಅಂತ ಸೆಕ್ಷನ್‌ಗಳಿದ್ದವು. ಬೇರೆ ಮೂಲದಿಂದ ವರ್ಷಕ್ಕೆ 25 ಲಕ್ಷಕ್ಕಿಂತ ಹೆಚ್ಚು ಆದಾಯ ಇರುವವರು, ಕೃಷಿಕರಲ್ಲದವರು ಜಮೀನು ಕೊಳ್ಳದ ಹಾಗೆ ಅವು ತಡೆಯುತ್ತಿದ್ದವು. ಇವನ್ನು ತೆಗೆಯಲು ಸರ್ಕಾರ ಜುಲೈನಲ್ಲಿ ಸುಗ್ರೀವಾಜ್ಞೆ ತಂತು. ಸೆಪ್ಟೆಂಬರ್‌ನಲ್ಲಿ ವಿಧಾನಸಭೆ ಪಾಸು ಮಾಡಿತು, ಆದರೆ ಪರಿಷತ್ತಿನಲ್ಲಿ ಆಗಲಿಲ್ಲ. ಡಿಸೆಂಬರ್ 8ರಂದು ಜೆಡಿಎಸ್ ಬೆಂಬಲದಿಂದ ಅಲ್ಲೂ ಪಾಸಾಯಿತು. ಮೊದಲು ವಿರೋಧಿಸಿದ ಜೆಡಿಎಸ್ ಯಾಕೆ ಬದಲಾಯಿತು? ಜಮೀನಿನ ಗರಿಷ್ಠ ಮಿತಿಯ ವಿಚಾರದಲ್ಲಿ ಸರ್ಕಾರ ಹಿಂದೆ ಸರಿಯಿತು, ನಮ್ಮ ಸಲಹೆ ಒಪ್ಪಿತು ಅನ್ನುವುದು ಅವರು ಕೊಟ್ಟ ಕಾರಣ. ಆದರೆ ಅದೇ ದಿನ ದೇಶದಲ್ಲಿ ರೈತರ ಭಾರತ್ ಬಂದ್ ನಡೆಯುತ್ತಿತ್ತು! ರೈತ ಸಂಘಟನೆಗಳು ಜೆಡಿಎಸ್ ಮೇಲೆ ಸಿಟ್ಟಾದವು. ಹೊಂದಾಣಿಕೆಗೂ ಒಂದು ಬೆಲೆ ಇದೆ ಅಂತ ಇದರಿಂದ ಗೊತ್ತಾಗುತ್ತದೆ. ನೀವು ಮಸೂದೆಯಲ್ಲಿ ಏನನ್ನೋ ಬದಲಾಯಿಸಿರಬಹುದು, ಆದರೆ ಬೀದಿಯಲ್ಲಿ ಇರುವವರಿಗೆ ಕಾಣುವುದು ನೀವು ಕೈ ಎತ್ತಿದ್ದು ಮಾತ್ರ.

ಎರಡನೆಯದು ಗೋಹತ್ಯೆ ನಿಷೇಧ ಮಸೂದೆ. ಡಿಸೆಂಬರ್ 9ಕ್ಕೆ ವಿಧಾನಸಭೆಯಲ್ಲಿ ಪಾಸು. ಮರುದಿನ ಪರಿಷತ್ತಿನ ಸಭಾಪತಿ ಕಾಂಗ್ರೆಸ್‌ನ ಪ್ರತಾಪಚಂದ್ರ ಶೆಟ್ಟಿ ಮಸೂದೆ ಚರ್ಚೆಗೆ ಬರುವ ಮೊದಲೇ ಸದನವನ್ನು ಅನಿರ್ದಿಷ್ಟಾವಧಿಗೆ ಮುಂದೂಡಿದರು. ಸಭಾಪತಿಯನ್ನೇ ಇಳಿಸಲು ಬಿಜೆಪಿ ಹೊರಟಿತು. ಡಿಸೆಂಬರ್ 15ರಂದು ಮತ್ತೆ ಸದನ ಸೇರಿದಾಗ ಉಪಸಭಾಪತಿ ಪೀಠದಲ್ಲಿ ಕೂತರು, ಅವರನ್ನು ಕುರ್ಚಿಯಿಂದ ಎಳೆದು ಇಳಿಸಿದ ದೃಶ್ಯ ಇಡೀ ದೇಶದ ಟಿವಿಯಲ್ಲಿ ಬಂತು. ಜನವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು ಕಾನೂನು ಜಾರಿ ಮಾಡಿಯೇಬಿಟ್ಟಿತು. 2021ರ ಫೆಬ್ರವರಿ 8ರಂದು ಪರಿಷತ್ತಿನಲ್ಲಿ ಧ್ವನಿಮತದಿಂದ ಪಾಸಾಯಿತು.

ಲೆಕ್ಕ ಹಾಕಿ. ತಡೆದದ್ದರಿಂದ ಸಿಕ್ಕಿದ್ದು ಎರಡು ತಿಂಗಳು. ಸುಗ್ರೀವಾಜ್ಞೆ ಬಂದ ಮೇಲೆ ಅದೂ ಇಲ್ಲ. ಆ ಎರಡು ತಿಂಗಳಲ್ಲಿ ಜನ ನೋಡಿದ್ದು ಏನು? ಮುದಿ ಎತ್ತನ್ನು ರೈತ ಏನು ಮಾಡಬೇಕು, ಯಾರು ಮೇವು ಹಾಕಬೇಕು ಅನ್ನುವ ಚರ್ಚೆ ಅಲ್ಲ. ಕುರ್ಚಿಗಾಗಿ ನಡೆದ ಎಳೆದಾಟ.

4. ಕೇಸ್ ಎರಡು: 2023-24, ಕಾಂಗ್ರೆಸ್ ಸರ್ಕಾರ

2023ರ ಮೇನಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದು ಸರ್ಕಾರ ಮಾಡಿತು. ಪರಿಷತ್ತಿನಲ್ಲಿ ಮಾತ್ರ ಬಿಜೆಪಿ, ಜೆಡಿಎಸ್ ಸೇರಿದರೆ ಹೆಚ್ಚು. ಸೀಟು ಅದಲು ಬದಲು!

ಜುಲೈನಲ್ಲಿ ಎಪಿಎಂಸಿ ತಿದ್ದುಪಡಿ ಮಸೂದೆ ಬಂತು. 2020ರಲ್ಲಿ ಬಿಜೆಪಿ ಸರ್ಕಾರ ಮಾಡಿದ ಬದಲಾವಣೆಯಿಂದ ವ್ಯಾಪಾರಿಗಳು ಮಾರ್ಕೆಟ್ ಯಾರ್ಡಿನ ಹೊರಗೂ ಖರೀದಿ ಮಾಡಬಹುದಾಗಿತ್ತು. ಅದನ್ನು ತೆಗೆದು ಹಳೆಯ ವ್ಯವಸ್ಥೆ ತರುವುದು ಹೊಸ ಮಸೂದೆಯ ಉದ್ದೇಶ. ವಿಧಾನಸಭೆ ಪಾಸು ಮಾಡಿತು. ಪರಿಷತ್ತು ಅದನ್ನು ತಿರಸ್ಕರಿಸದೆ ಪರಿಶೀಲನಾ ಸಮಿತಿಗೆ, ಅಂದರೆ ಸೆಲೆಕ್ಟ್ ಕಮಿಟಿಗೆ ಕಳಿಸಿತು.

ಇದು ನಮ್ಮ ಮನೆಗೆ ಹತ್ತಿರದ ವಿಷಯ. ತೊಗರಿ ರಾಶಿ ಆದ ಮೇಲೆ ಹುಮನಾಬಾದ್ ಮಾರ್ಕೆಟ್‌ಗೆ ಒಯ್ದು ಅಡತಿಯಲ್ಲಿ ಹಾಕಬೇಕೋ, ಹೊಲದ ಹತ್ತಿರ ಬಂದವರಿಗೆ ಕೊಡಬೇಕೋ ಅನ್ನುವುದು ಪ್ರತಿ ವರ್ಷದ ಮಾತು. ಮಾರ್ಕೆಟ್‌ನಲ್ಲಿ ನಾಲ್ಕು ಜನ ಬೆಲೆ ಕೂಗುತ್ತಾರೆ, ಆದರೆ ಗಾಡಿ ಬಾಡಿಗೆ, ಹಮಾಲಿ ನಮ್ಮದು. ಹೊಲದಲ್ಲಿ ಕೊಟ್ಟರೆ ಖರ್ಚು ಕಡಿಮೆ, ಆದರೆ ತೂಕ ಸರಿ ಇದೆಯಾ, ದುಡ್ಡು ಯಾವಾಗ ಬರುತ್ತೆ ಅನ್ನುವ ಚಿಂತೆ. ಎರಡೂ ಕಡೆ ನಿಜವಾದ ವಾದ ಇರುವ ಇಂಥ ಮಸೂದೆಗೆ ಸಮಿತಿ ಸರಿಯಾದ ಜಾಗ. ಸಮಿತಿಯಲ್ಲಿ ಸದಸ್ಯರು ಟಿವಿ ಕ್ಯಾಮೆರಾ ಇಲ್ಲದೆ ಒಂದೊಂದು ಕಲಮು ಓದಬಹುದು, ಗೊತ್ತಿರುವವರನ್ನು ಕರೆದು ಕೇಳಬಹುದು.

ಆದರೆ 2024ರ ಫೆಬ್ರವರಿಯಲ್ಲಿ ಬೇರೆ ದಾರಿ ಹಿಡಿದರು. ಮುಜರಾಯಿ ದೇವಸ್ಥಾನಗಳ ಆದಾಯದ ಒಂದು ಭಾಗವನ್ನು ಸಾಮಾನ್ಯ ನಿಧಿಗೆ ತೆಗೆದುಕೊಳ್ಳುವ ಲೆಕ್ಕವನ್ನು ಬದಲಿಸುವ ಮಸೂದೆ ಅದು: 10 ಲಕ್ಷದಿಂದ 1 ಕೋಟಿವರೆಗೆ ಆದಾಯ ಇದ್ದರೆ ಶೇ 5, ಅದಕ್ಕಿಂತ ಹೆಚ್ಚಿದ್ದರೆ ಶೇ 10. ಫೆಬ್ರವರಿ 21ಕ್ಕೆ ವಿಧಾನಸಭೆ ಪಾಸು ಮಾಡಿತು. 23ಕ್ಕೆ ಪರಿಷತ್ತು ಬಿಜೆಪಿ, ಜೆಡಿಎಸ್ ಬಲದಿಂದ ಸೋಲಿಸಿತು. ಎಲ್ಲಾ ಕಡೆ ‘ಸರ್ಕಾರಕ್ಕೆ ಮುಖಭಂಗ’ ಅಂತ ಹೆಡ್‌ಲೈನ್. 29ಕ್ಕೆ ವಿಧಾನಸಭೆ ಮತ್ತೆ ಪಾಸು ಮಾಡಿತು. ಮಧ್ಯೆ ಇದ್ದದ್ದು ಆರು ದಿನ. ಆಮೇಲೆ ಮಸೂದೆ ರಾಜಭವನದಲ್ಲಿ ಸಿಕ್ಕಿಕೊಂಡಿತು, ನಿಜ. ಆದರೆ ಅದು ಪರಿಷತ್ತಿನ ‘ಇಲ್ಲ’ದಿಂದ ಅಲ್ಲ.

ಎರಡೂ ಕೇಸ್ ಪಕ್ಕ ಪಕ್ಕ ಇಟ್ಟು ನೋಡಿ. 2020ರಲ್ಲಿ ‘ಜನ ಆರಿಸಿದ ಸರ್ಕಾರಕ್ಕೆ ಮೇಲ್ಮನೆ ಅಡ್ಡಿ ಮಾಡಬಾರದು’ ಅಂದ ಕಡೆಯವರು 2024ರಲ್ಲಿ ಅದೇ ಮೇಲ್ಮನೆಯಲ್ಲಿ ಮಸೂದೆ ಸೋಲಿಸಿದರು. 2020ರಲ್ಲಿ ತಡೆದವರು 2024ರಲ್ಲಿ ತಡೆ ಸರಿಯಲ್ಲ ಅಂದರು. ಯಾವ ಪಕ್ಷ ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಯಾವ ಕುರ್ಚಿಯಲ್ಲಿ ಕೂತಿದ್ದಾರೆ ಅನ್ನುವುದರ ಮೇಲೆ ವಾದ ಬದಲಾಗುತ್ತದೆ.

5. ಅತಿಯಾಗಿ ತಡೆದರೆ? ಆಂಧ್ರದ ಪಾಠ

2020ರ ಜನವರಿ 22ರಂದು ಆಂಧ್ರಪ್ರದೇಶದ ಪರಿಷತ್ತು ಮೂರು ರಾಜಧಾನಿಗಳ ಮಸೂದೆಯನ್ನು ಸೆಲೆಕ್ಟ್ ಕಮಿಟಿಗೆ ಕಳಿಸಿತು. ಅಲ್ಲಿ ಬಹುಮತ ಇದ್ದದ್ದು ವಿರೋಧ ಪಕ್ಷ ಟಿಡಿಪಿಗೆ. ಐದೇ ದಿನದಲ್ಲಿ, ಜನವರಿ 27ಕ್ಕೆ, ಜಗನ್ ಮೋಹನ್ ರೆಡ್ಡಿ ಸರ್ಕಾರ ಪರಿಷತ್ತನ್ನೇ ರದ್ದು ಮಾಡಬೇಕು ಅಂತ ವಿಧಾನಸಭೆಯಲ್ಲಿ ನಿರ್ಣಯ ಮಾಡಿತು. 169ನೇ ವಿಧಿ ಪ್ರಕಾರ ವಿಧಾನಸಭೆ ಕೇಳಿದರೆ ಸಂಸತ್ತು ಪರಿಷತ್ತನ್ನು ರದ್ದು ಮಾಡಬಹುದು. ಎನ್.ಟಿ. ರಾಮರಾವ್ ಕಾಲದಲ್ಲಿ, 1985ರಲ್ಲಿ, ಅಲ್ಲಿ ಹಾಗೇ ಆಗಿತ್ತು. 2007ರಲ್ಲಿ ಪರಿಷತ್ತು ಮತ್ತೆ ಬಂತು.

2020ರ ನಿರ್ಣಯ ಮಾತ್ರ ಕೊನೆ ಮುಟ್ಟಲಿಲ್ಲ. ಪರಿಷತ್ತಿನಲ್ಲಿ ತನ್ನ ಬಲ ಬೆಳೆದ ಮೇಲೆ 2021ರ ನವೆಂಬರ್‌ನಲ್ಲಿ ಸರ್ಕಾರವೇ ವಾಪಸ್ ತಗೊಂಡಿತು. ಅದೇ ತಿಂಗಳು ಮೂರು ರಾಜಧಾನಿ ಕಾನೂನನ್ನೂ ವಾಪಸ್ ತಗೊಂಡಿತು! ಅಂದರೆ 2020ರಲ್ಲಿ ಪರಿಷತ್ತು ‘ಸ್ವಲ್ಪ ನಿಲ್ಲಿ, ಇನ್ನೊಮ್ಮೆ ನೋಡೋಣ’ ಅಂದದ್ದು ಅಷ್ಟು ತಪ್ಪಾಗಿರಲಿಲ್ಲ.

6. ತಡೆ ಗೆಲ್ಲುವುದು ಎಲ್ಲಿ?

ಇಲ್ಲಿವರೆಗೆ ಓದಿ ‘ಹಾಗಾದರೆ ಯಾವಾಗಲೂ ಹೊಂದ್ಕೊಂಡು ಹೋಗಬೇಕು’ ಅಂದುಕೊಳ್ಳಬೇಡಿ. ದೆಹಲಿಗೆ ಹೋದರೆ ಲೆಕ್ಕ ಬೇರೆ. ರಾಜ್ಯಸಭೆಗೆ ನಮ್ಮ ಪರಿಷತ್ತಿಗಿಂತ ಬಹಳ ಹೆಚ್ಚು ಶಕ್ತಿ ಇದೆ. ಲೋಕಸಭೆ ಎರಡನೇ ಸಲ ಪಾಸು ಮಾಡಿತು ಅಂತ ಮಸೂದೆ ತಾನಾಗೇ ಪಾಸಾಗಲ್ಲ. ಸಾಮಾನ್ಯ ಮಸೂದೆ ಆದರೆ ಜಂಟಿ ಅಧಿವೇಶನ ಕರೆಯಬೇಕು, ಸಂವಿಧಾನ ತಿದ್ದುಪಡಿಗೆ ಆ ದಾರಿಯೂ ಇಲ್ಲ.

2014ರ ಕೊನೆಯಲ್ಲಿ ಕೇಂದ್ರ ಸರ್ಕಾರ ಭೂಸ್ವಾಧೀನ ಕಾಯ್ದೆಗೆ ಸುಗ್ರೀವಾಜ್ಞೆ ಮೂಲಕ ತಿದ್ದುಪಡಿ ತಂತು. ಹಲವು ಯೋಜನೆಗಳಿಗೆ ರೈತರ ಒಪ್ಪಿಗೆ ಬೇಕು ಅನ್ನುವ ಷರತ್ತಿನಿಂದ ಅದು ವಿನಾಯಿತಿ ಕೊಡುತ್ತಿತ್ತು. ರಾಜ್ಯಸಭೆಯಲ್ಲಿ ಸರ್ಕಾರಕ್ಕೆ ಬಹುಮತ ಇರಲಿಲ್ಲ, ವಿರೋಧ ಪಕ್ಷಗಳು ಬಿಡಲಿಲ್ಲ. ಮೂರು ಸಲ ಸುಗ್ರೀವಾಜ್ಞೆ ಆದ ಮೇಲೆ 2015ರ ಆಗಸ್ಟ್ 31ಕ್ಕೆ ಅದರ ಅವಧಿ ಮುಗಿಯಿತು, ಸರ್ಕಾರ ಕೈಬಿಟ್ಟಿತು. ಇಲ್ಲಿ ತಡೆದರು, ನಿಂತಿತು.

ಅದೇ ರಾಜ್ಯಸಭೆ, ಅದೇ ಕಾಲದ ಜಿಎಸ್‌ಟಿ ನೋಡಿ. ಕಾಂಗ್ರೆಸ್ ಮೂರು ಬೇಡಿಕೆ ಇಟ್ಟಿತು: ಶೇ 1ರ ಹೆಚ್ಚುವರಿ ತೆರಿಗೆ ತೆಗೆಯಿರಿ, ಸಂವಿಧಾನದಲ್ಲೇ ಶೇ 18ರ ಮಿತಿ ಹಾಕಿ, ರಾಜ್ಯಗಳ ಜಗಳ ಬಗೆಹರಿಸಲು ವ್ಯವಸ್ಥೆ ಮಾಡಿ. ಮೊದಲನೆಯದನ್ನು ಸರ್ಕಾರ ಒಪ್ಪಿತು, ಎರಡನೆಯದನ್ನು ಒಪ್ಪಲಿಲ್ಲ, ಮೂರನೆಯದಕ್ಕೆ ಜಿಎಸ್‌ಟಿ ಮಂಡಳಿಯಲ್ಲಿ ದಾರಿ ಮಾಡಿತು. 2016ರ ಆಗಸ್ಟ್ 3ರಂದು ಮಸೂದೆ ಒಂದೂ ವಿರೋಧ ಮತ ಇಲ್ಲದೆ ಪಾಸಾಯಿತು. ವರ್ಷಗಟ್ಟಲೆ ತಡೆ, ಆಮೇಲೆ ಹೊಂದಾಣಿಕೆ. ಬೇಡಿಕೆ ಏನು ಅಂತ ಎಲ್ಲರಿಗೂ ಗೊತ್ತಿದ್ದರಿಂದ ಹೊಂದಾಣಿಕೆ ಸಾಧ್ಯವಾಯಿತು.

ಅಮೆರಿಕದಲ್ಲಿ ಇನ್ನೂ ಗಟ್ಟಿ ಬ್ರೇಕ್ ಇದೆ. 1994ರಲ್ಲಿ ಸಂಸತ್ತಿನ ಎರಡೂ ಸದನ ಗೆದ್ದ ರಿಪಬ್ಲಿಕನ್ನರು ಬಜೆಟ್ ವಿಚಾರದಲ್ಲಿ ಅಧ್ಯಕ್ಷ ಕ್ಲಿಂಟನ್ ಜೊತೆ ಜಗಳಕ್ಕೆ ನಿಂತರು, 1995ರ ಡಿಸೆಂಬರ್‌ನಿಂದ 21 ದಿನ ಸರ್ಕಾರಿ ಕಚೇರಿಗಳು ಮುಚ್ಚಿದವು. ಬ್ರೇಕ್ ಕೆಲಸ ಮಾಡಿತು, ಆದರೆ ಜನ ಬೈದದ್ದು ಬ್ರೇಕ್ ಹಾಕಿದವರಿಗೆ. ಮುಂದಿನ ವರ್ಷ ಅದೇ ಎರಡು ಕಡೆಯವರು ಕೂತು ಕಲ್ಯಾಣ ಯೋಜನೆಗಳ ದೊಡ್ಡ ಕಾನೂನು ಮಾಡಿದರು. ಕ್ಲಿಂಟನ್ ಮತ್ತೆ ಗೆದ್ದರು, ರಿಪಬ್ಲಿಕನ್ನರೂ ಸದನ ಉಳಿಸಿಕೊಂಡರು.

7. ಹಾಗಾದರೆ ನನ್ನ ಉತ್ತರ

ಸ್ಪರ್ಧೆಯಲ್ಲಿ ನಾನು ಹೇಳಿದ ಒಂದು ಮಾತನ್ನು ಈಗಲೂ ಬಿಡಲ್ಲ. ವಿರೋಧ ಪಕ್ಷಕ್ಕೂ ಜನ ವೋಟು ಹಾಕಿದ್ದಾರೆ. ಸರ್ಕಾರ ಹೇಳಿದ್ದಕ್ಕೆಲ್ಲಾ ತಲೆ ಆಡಿಸುವುದಾದರೆ ಎರಡನೇ ಸದನಕ್ಕೆ ಖರ್ಚು ಯಾಕೆ? ಆದರೆ ಸ್ಪರ್ಧೆಯಲ್ಲಿ ಬಿಟ್ಟ ಮಾತು ಇದು: ನಿಲ್ಲಿಸಲು ಆಗದ ಕಡೆ ‘ನಿಲ್ಲಿಸಿದೆ’ ಅಂತ ತೋರಿಸುವುದು ವಿರೋಧ ಅಲ್ಲ, ನಾಟಕ. ನಮ್ಮ ಪರಿಷತ್ತಿಗೆ ಸಂವಿಧಾನ ಕೊಟ್ಟಿರುವುದು ನಾಲ್ಕು ತಿಂಗಳ ಸಮಯ. ಅದನ್ನು ಆರು ದಿನದ ಹೆಡ್‌ಲೈನ್‌ಗೆ ಖರ್ಚು ಮಾಡಬಹುದು, ಅಥವಾ ಮಸೂದೆಯಲ್ಲಿ ಎರಡು ಸಾಲು ಬದಲಾಯಿಸಲು ಬಳಸಬಹುದು. ಎರಡನೆಯದನ್ನು ನಾನು ಹೊಂದಾಣಿಕೆ ಅಂತ ಕರೆಯಲ್ಲ, ಕೆಲಸ ಅಂತ ಕರೆಯುತ್ತೇನೆ.

ಮುಂದಿನ ಸಲ ‘ಪರಿಷತ್ತಿನಲ್ಲಿ ಮಸೂದೆಗೆ ತಡೆ’ ಅಂತ ಸುದ್ದಿ ಓದಿದಾಗ ಈ ನಾಲ್ಕು ಪ್ರಶ್ನೆ ಕೇಳಿ:

ಒಂದು, ಈ ಸದನಕ್ಕೆ ನಿಜವಾಗಿ ನಿಲ್ಲಿಸುವ ಶಕ್ತಿ ಇದೆಯಾ, ಅಥವಾ ತಡ ಮಾಡುವುದು ಮಾತ್ರವಾ?
ಎರಡು, ತಡೆಯುವವರು ‘ಇದನ್ನು ಬದಲಿಸಿ’ ಅಂತ ಸ್ಪಷ್ಟವಾಗಿ ಹೇಳಿದ್ದಾರಾ, ಅಥವಾ ಬರೀ ‘ಬೇಡ’ ಅಂದಿದ್ದಾರಾ?
ಮೂರು, ಸಿಕ್ಕಿದ ಸಮಯದಲ್ಲಿ ಸಮಿತಿ ಕೂತಿತಾ, ಯಾರನ್ನಾದರೂ ಕೇಳಿತಾ?
ನಾಲ್ಕು, ಇವರೇ ಸರ್ಕಾರದಲ್ಲಿದ್ದಾಗ ಇದೇ ಮಾತು ಹೇಳುತ್ತಿದ್ದರಾ?

ಇನ್ನೊಂದು ವಿಷಯ, ಇದು ನಮಗೇ ಸಂಬಂಧಿಸಿದ್ದು. ಡಿಗ್ರಿ ಮುಗಿದು ಮೂರು ವರ್ಷ ಆದ ಮೇಲೆ ನಾವೆಲ್ಲಾ ಪದವೀಧರ ಕ್ಷೇತ್ರದ ಮತದಾರರಾಗಬಹುದು. ಬೀದರ್ ಕಡೆಯವರಿಗೆ ಅದು ಈಶಾನ್ಯ ಪದವೀಧರ ಕ್ಷೇತ್ರ. ಹೆಸರು ತಾನಾಗಿ ಸೇರಲ್ಲ, ಫಾರ್ಮ್ 18 ತುಂಬಿ ಅರ್ಜಿ ಹಾಕಬೇಕು. ನಮ್ಮಲ್ಲಿ ಎಷ್ಟೋ ಜನ ಪ್ಲೇಸ್‌ಮೆಂಟ್ ಆಗಿ ಬೇರೆ ಊರಿಗೆ ಹೋಗಿ ಈ ವೋಟನ್ನು ಮರೆತೇಬಿಡುತ್ತಾರೆ.

ಇದನ್ನೆಲ್ಲಾ ಓದಿದ ಮೇಲೆ ಮುತ್ಯಾಗೆ ಮತ್ತೆ ಫೋನ್ ಮಾಡಿದೆ. “ತಡದ್ರ ನಿಲ್ಲಲ್ಲ ಮುತ್ಯಾ. ಭಾಳ ಅಂದ್ರ ನಾಕು ತಿಂಗಳು ತಡಾ ಆಗ್ತದ. ಆ ನಾಕು ತಿಂಗಳದಾಗ ಏನು ಮಾಡ್ತಾರ ಅನ್ನೋದೇ ವಿಷಯ” ಅಂದೆ.

ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಹಂಗಾದ್ರ ಆ ನಾಕು ತಿಂಗಳದಾಗ ನಮ್ಮೂರಿಗಿ ಬಂದು ಯಾರರೆ ಕೇಳ್ತಾರೇನು?”

ಈ ಸಲವೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಚರ್ಚಾ ಸ್ಪರ್ಧೆಗೆ ಇದನ್ನೇ ವಿಷಯವಾಗಿ ಇಡಿ ಅಂತ ಸಂಘದವರಿಗೆ ಹೇಳಿದ್ದೇನೆ.